ಎರಡನೆಯ ಸಲ ಕೇಳದವರು

ಬೇಡ ಎಂಬ ಮಾತಿಗೆ ನಮ್ಮೂರಿನಲ್ಲಿ ಮೂರು ಮೆಟ್ಟಿಲುಗಳಿವೆ. ಮನೆಗೆ ಬಂದವರ ಮುಂದೆ ಅನ್ನದ ತಟ್ಟೆ ಇಟ್ಟರೆ ಅವರು ‘ಈಗಷ್ಟೇ ಉಂಡು ಬಂದೆ’ ಎನ್ನುತ್ತಾರೆ. ಬೆಳಗಿನಿಂದ ಹನಿ ನೀರು ಕುಡಿಯದವರೂ ಹಾಗೆಯೇ ಎನ್ನುತ್ತಾರೆ. ಎರಡನೆಯ ಸಲ ಕರೆದಾಗ ತಟ್ಟೆಯ ಕಡೆ ನೋಡದೆ ಬಾಗಿಲ ಕಡೆ ನೋಡುತ್ತಾರೆ. ಮೂರನೆಯ ಸಲ ಕೈಹಿಡಿದು ಎಳೆದಾಗ, ‘ನಿಮ್ಮ ಮನಸ್ಸು ನೋಯಿಸಬಾರದಲ್ಲ’ ಎಂದು ಕುಳಿತುಕೊಳ್ಳುತ್ತಾರೆ. ಮೊದಲ ಕರೆಗೇ ಕುಳಿತವನನ್ನು ಊರು ಬಹುಕಾಲ ಮರೆಯುವುದಿಲ್ಲ. ಮೊದಲ ನಿರಾಕರಣೆಗೇ ತಟ್ಟೆ ಎತ್ತಿದವಳನ್ನಂತೂ ಮರೆಯುವುದೇ ಇಲ್ಲ.

ಕ್ರಿಸಾಂತೊ ಗುಂಬಾನ್, ಊರಿನ ಬಾಯಲ್ಲಿ ಮನೊಂಗ್ ಸಾಂತೊ ಅಂದರೆ ಸಾಂತೊ ಅಣ್ಣ, ಈ ಮೆಟ್ಟಿಲುಗಳ ನಡುವೆಯೇ ಹುಟ್ಟಿ ಬೆಳೆದವರು. ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತ ಪನಾಯ್ ದ್ವೀಪದ ಈ ಕರಾವಳಿಯ ಮನೆಮನೆಗೂ ತಿರುಗಿದ್ದ ಅವರನ್ನು ಜನ ಪಟ್ಟಣದ ಕೌನ್ಸಿಲಿಗೆ ಒಮ್ಮೆ ಆರಿಸಿದರು. ಆಮೇಲೆ ಮತ್ತೊಮ್ಮೆ, ಮಗದೊಮ್ಮೆ. ಸತತವಾಗಿ ಮೂರು ಅವಧಿಗಿಂತ ಹೆಚ್ಚು ಕಾಲ ಅದೇ ಕುರ್ಚಿಯಲ್ಲಿ ಕೂರಲು ಕಾನೂನು ಬಿಡುವುದಿಲ್ಲ. ಆದ್ದರಿಂದ ಬರುವ ಮೇ ತಿಂಗಳ ಚುನಾವಣೆ ಅವರ ಪಾಲಿಗೆ ಕವಲುದಾರಿಯಾಗಿತ್ತು: ಒಂದೋ ಉಪಮೇಯರ್ ಸ್ಥಾನಕ್ಕೆ ನಿಲ್ಲಬೇಕು, ಇಲ್ಲವೋ ಮನೆಗೆ ಮರಳಿ ತುಕ್ಕು ಹಿಡಿದ ಸೂಜಿಗಳ ಡಬ್ಬಿ ತೆರೆಯಬೇಕು. ಉಪಮೇಯರ್ ಆಗಬೇಕೆಂಬ ಆಸೆಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಬೆರ್ತಾಳಿಗೂ ಹೇಳಿರಲಿಲ್ಲ. ಆಕೆ ಮಾತ್ರ ಅದನ್ನು ಬಹಳ ಹಿಂದೆಯೇ ಓದಿಕೊಂಡಿದ್ದಳು.

ಅಕ್ಟೋಬರಿನಲ್ಲಿ ನಾಮಪತ್ರಗಳ ಕಾಲ ಹತ್ತಿರವಾದಾಗ ಡಾಕ್ಟರ್ ಮಿಲಾಗ್ರೊಸ್ ಗಯಾರೆಸ್ ತಮ್ಮ ಮನೆಯ ವರಾಂಡಕ್ಕೆ ಆಪ್ತರನ್ನು ಕರೆಸಿದರು. ಊರಿನವರಿಗೆ ಅವರು ಡೊಕ್ ಮಿಲಾ. ರಿಯಾದಿನ ಆಸ್ಪತ್ರೆಯೊಂದರಲ್ಲಿ ಬಹುಕಾಲ ಶಸ್ತ್ರವೈದ್ಯರಾಗಿದ್ದು ಮರಳಿದ್ದ ಅವರು ಈಗ ಮೇಯರ್ ಸ್ಥಾನಕ್ಕೆ ನಿಂತಿದ್ದರು. ಜೊತೆಗೆ ನಿಲ್ಲುವ ಉಪಮೇಯರ್ ಯಾರು ಎಂಬುದಷ್ಟೇ ಉಳಿದಿದ್ದ ಪ್ರಶ್ನೆ. ನಮ್ಮಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಹಿಂದಿನ ಮೇಯರ್ ಅಧಿಕಾರದಲ್ಲಿದ್ದಾಗಲೇ ಎದೆನೋವಿನಿಂದ ತೀರಿಕೊಂಡರು. ಚೆಂದದ ನಗುವಿಗಾಗಿ ಉಪಮೇಯರ್ ಮಾಡಿ ಜೊತೆಗೆ ಕಟ್ಟಿಕೊಂಡಿದ್ದ ಬೊಯೆತ್ ಎಂಬಾತ ಬೆಳಗಾಗುವಷ್ಟರಲ್ಲಿ ಮೇಯರ್ ಆದ. ಚಂಡಮಾರುತ ಬಡಿದ ವರ್ಷ ಆತ ಕೋಳಿ ಅಂಕದ ಮೈದಾನದಲ್ಲಿದ್ದ, ಪರಿಹಾರದ ಅಕ್ಕಿ ಗೋದಾಮಿನಲ್ಲಿ ಮುಗ್ಗಿ ಕೊಳೆಯಿತು. ಆ ವಾಸನೆ ಊರಿನ ಮೂಗಿನಿಂದ ಇನ್ನೂ ಹೋಗಿರಲಿಲ್ಲ.

ವರಾಂಡದಲ್ಲಿ ಬಿಸಿ ಚಾಕೊಲೇಟು, ಎಳೆಯ ತೆಂಗಿನ ಗರಿಯಲ್ಲಿ ಸುತ್ತಿ ಬೇಯಿಸಿದ ಇಬೊಸ್ ಎಂಬ ಅಂಟಕ್ಕಿಯ ಕಡುಬು. ಡೊಕ್ ಲೋಟವನ್ನು ಮುಟ್ಟದೆಯೇ ಮಾತಿಗಿಳಿದರು.

“ಮನೊಂಗ್ ಸಾಂತೊ, ಸುತ್ತಿಬಳಸಿ ಮಾತಾಡೋದು ನನಗೆ ಬರಲ್ಲ. ಅಣ್ಣನ ಸಮಾನ ನೀವು, ಅದಕ್ಕೆ ನೇರ ಕೇಳ್ತೀನಿ. ಉಪಮೇಯರ್ ಜಾಗಕ್ಕೆ ನನ್ನ ಜೊತೆ ನಿಲ್ತೀರಾ?”

ಸಾಂತೊ ಅವರ ಎದೆಯೊಳಗೆ ಹೌದು ಎಂಬ ಪದ ಎದ್ದು ನಿಂತು, ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು ಸಿದ್ಧವಾಯಿತು. ಆದರೆ ಹೊಸ್ತಿಲು ದಾಟಲು ಅದಕ್ಕಿನ್ನೂ ಹೊತ್ತಿತ್ತು. ಅವರು ನಕ್ಕು, ಕೈಯಾಡಿಸಿ, ಹೇಳಬೇಕಾದುದನ್ನೇ ಹೇಳಿದರು.

“ಅಯ್ಯೋ ಡೊಕ್, ಈ ಹಳೇ ಮಷೀನು ಯಾಕೆ? ಸೂಜಿ ಮೊಂಡಾಗಿದೆ, ಪೆಡಲ್ ತುಳಿದ್ರೆ ಮಂಡಿ ನೋಯುತ್ತೆ. ಚಿಕ್ಕವರು ಯಾರಾದ್ರೂ ಇದ್ದಾರಾ ನೋಡಿ.”

ಡೊಕ್ ಮಿಲಾ ಸಾಂತೊ ಅವರನ್ನು ದೀರ್ಘವಾಗಿ ನೋಡಿದರು. ಆಪರೇಷನ್ನಿಗೆ ಬೇಡ ಎಂದ ರೋಗಿಯನ್ನು ಮತ್ತೆ ಒತ್ತಾಯಿಸಬಾರದು ಎಂಬುದನ್ನು ಕಲಿತು ಬಂದ ಕಣ್ಣುಗಳು ಅವು.

“ಮೆಚ್ಚಿದೆ ಮನೊಂಗ್,” ಎಂದರು. “ಈ ಊರಲ್ಲಿ ಮನಸ್ಸಿನಲ್ಲಿ ಇದ್ದದ್ದನ್ನ ಹೀಗೆ ಹೇಳೋರನ್ನ ನಾನು ನೋಡೇ ಇರ್ಲಿಲ್ಲ. ನಿಮ್ಮ ಮಾತನ್ನ ಗೌರವಿಸ್ತೀನಿ.”

ತಟ್ಟೆ ಎತ್ತಿಯಾಗಿತ್ತು.

ಸಾಂತೊ ಮೆಲ್ಲಗೆ ಪಕ್ಕಕ್ಕೆ ನೋಡಿದರು. ಎರಡನೆಯ ಕರೆ ಮನೆಯೊಡತಿಯೇ ಕರೆಯಬೇಕೆಂದಿಲ್ಲ. ಪಂಕ್ತಿಯಲ್ಲಿ ಕುಳಿತವರು ಯಾರು ಕರೆದರೂ ಸಲ್ಲುತ್ತದೆ. ಪಕ್ಕದಲ್ಲಿದ್ದವರು ಮೀನುಗಾರರ ಕೇರಿಯ ಮುಖ್ಯಸ್ಥ ದೊಮಿಂಗ್, ಎಲ್ಲರ ಬಾಯಲ್ಲಿ ಕಾಪ್ ದೊಮಿಂಗ್. ಅವರಿಗೆ ಆ ನೋಟ ಅರ್ಥವಾಯಿತು. ಅರ್ಥವಾದೊಡನೆ ಒಂದು ಇಬೊಸ್ ಬಿಡಿಸಿ ಬಾಯಿಗಿಟ್ಟುಕೊಂಡರು. ಅಗಿದರು. ಅಂಟಕ್ಕಿ ಅಷ್ಟು ಹೊತ್ತು ಅಗಿಯುವ ಪದಾರ್ಥವಲ್ಲ. ನುಂಗಿ, ಬಾಯಿ ಒರೆಸಿಕೊಂಡು ಹೇಳಿದರು:

“ಹಾಗಾದ್ರೆ ನನ್ನ ಧರ್ಮಪುತ್ರ ಇದ್ದಾನಲ್ಲ, ರೈಮಾರ್.”

ರೈಮಾರ್ ಗೆಲ್ವೆಸೋನ್ ಬಾಸ್ಕೆಟ್‌ಬಾಲ್ ಆಟಗಾರ. ಪ್ರಾಂತ್ಯದ ಪಂದ್ಯದ ಕೊನೆಯ ಕ್ಷಣದಲ್ಲಿ ಬುಟ್ಟಿಗೆ ಚೆಂಡು ಹಾಕಿ ಊರಿಗೆ ಮೊದಲ ಕಪ್ ತಂದವನು. ಇಪ್ಪತ್ತಾರರ ಪ್ರಾಯ. ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸರು ಅವನಿಗೆ ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಪ್ರೀತಿಯನ್ನು ನಮ್ಮೂರು ತೋರಿಸಿದ್ದಿಲ್ಲ.

“ಹುಡುಗ ಒಳ್ಳೆಯವನೇ,” ಎಂದರು ಡೊಕ್. “ಆದ್ರೆ ಕೌನ್ಸಿಲ್ ಸಭೆ ನಡೆಸೋದು ಅವನಿಗೆ ಗೊತ್ತಾ? ಒಂದು ದಿನ ಆದ್ರೂ ಅಲ್ಲಿ ಕೂತಿದ್ದಾನಾ? ನಾಳೆ ನನಗೇನಾದ್ರೂ ಆದ್ರೆ ಊರು ಅವನ ಕೈಲಿರುತ್ತೆ. ಬೊಯೆತ್‌ನ ಒಂದು ಸಲ ನೋಡಿದ್ದು ಸಾಲ್ದಾ?”

“ಬೊಯೆತ್‌ಗೆ ಅನುಭವ ಇರ್ಲಿಲ್ಲ ಅಂತ ಅಲ್ಲ ಡೊಕ್, ನಾಚಿಕೆ ಇರ್ಲಿಲ್ಲ,” ಎಂದರು ಕಾಪ್. “ಈಗ ಅವನಿಗೆ ಅನುಭವ ಬೇಕಾದಷ್ಟಿದೆ. ಹಾಗಂತ ಅವನನ್ನೇ ಜೊತೆಗೆ ಹಾಕ್ಕೋತೀರಾ? ಜನ ಮತ ಹಾಕೋದು ಮೇಯರ್‌ನ ತಲೆ ನೋಡಿ, ವೈಸ್‌ನ ಮುಖ ನೋಡಿ. ನಿಮ್ಮದು ತಲೆ. ಮುಖ ನಾನು ತಂದುಕೊಡ್ತೀನಿ.”

“ನನ್ನ ಮುಖಕ್ಕೇನಾಗಿದೆ?”

“ಏನೂ ಆಗಿಲ್ಲ. ಇಂಜೆಕ್ಷನ್ ಹಿಡ್ಕೊಂಡಿರೋ ಹಾಗಿದೆ, ಅಷ್ಟೇ.”

ಎಲ್ಲರೂ ನಕ್ಕರು, ಡೊಕ್ ಕೂಡ. ಆಮೇಲೆ ಅವರು ಗಂಭೀರರಾಗಿ ಸಾಂತೊ ಕಡೆಗೆ ತಿರುಗಿದರು.

“ಮನೊಂಗ್, ನೀವಂತೂ ನಿಲ್ಲಲ್ಲ ಅಂದಿದ್ದೀರಿ, ಹಾಗಾಗಿ ನಿಮ್ಮ ಮಾತಲ್ಲಿ ಸ್ವಾರ್ಥ ಇರಲ್ಲ. ನೀವೇ ಹೇಳಿ. ಅನುಭವ ಎಷ್ಟು ಮುಖ್ಯ? ಹೊಟ್ಟೆ ಕೊಯ್ಯೋಕೆ ಹೊಸಬನ ಕೈಗೆ ಚಾಕು ಕೊಡೋದು ಸರೀನಾ?”

ಅನುಭವವೇ ಮುಖ್ಯ ಎಂದು ಈಗ ಹೇಳಿದರೆ, ಉಣ್ಣಲು ಬೇಡವೆಂದು ಎದ್ದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿನ ವಾಸನೆ ಹೀರಿದಂತೆ. ಊರಿಗೆ ಊರೇ ನಗುತ್ತದೆ. ಕಾಪ್ ದೊಮಿಂಗ್ ಮೊದಲು ನಗುತ್ತಾರೆ. ಸಾಂತೊ ಅವರ ಕಿವಿಯ ತುದಿ ಬಿಸಿಯಾಯಿತು. ಆ ಬಿಸಿಯೇ ಅವರ ಬಾಯಿಂದ ಮಾತಾಯಿತು.

“ಅನುಭವ, ಅನುಭವ ಅಂತೀವಿ ಡೊಕ್. ನಾನು ಇಷ್ಟು ವರ್ಷ ಕೌನ್ಸಿಲ್‌ನಲ್ಲಿ ಕೂತು ಏನು ಕಲಿತೆ ಗೊತ್ತಾ? ಯಾವ ಕುರ್ಚಿ ಕಿರುಗುಟ್ಟುತ್ತೆ, ಯಾರ ಮಾತಿಗೆ ಯಾವಾಗ ಕೆಮ್ಮಬೇಕು, ಇಷ್ಟೇ. ಹೆಂಗಸರು ಮುಂಚೆ ನನ್ನ ಮುಂದೆ ಮಷೀನಿನ ಜೊತೆಗೆ ಕಷ್ಟಾನೂ ಬಿಚ್ಚಿಡ್ತಿದ್ರು. ಈಗ ನನ್ನ ಹತ್ರ ಬರೋಕೆ ಮುಂಚೆ ಮುಖ ತೊಳ್ಕೊಂಡು ಬರ್ತಾರೆ. ರೈಮಾರ್ ಹತ್ರ ಹಾಗೇ ಬರ್ತಾರೆ, ಕೈಯಲ್ಲಿ ಮೀನಿನ ಹುರುಪೆ ಅಂಟಿರೋ ಹಾಗೇ. ಹೊಸ ಬಟ್ಟೆಗೆ ಹೊಲಿಗೆ ಬೇಗ ಕೂರುತ್ತೆ ಡೊಕ್, ಹಳೇ ಬಟ್ಟೆ ಹೊಲಿದಷ್ಟೂ ಹರಿಯುತ್ತೆ. ಇನ್ನು ಚಾಕು ಅಂದ್ರಲ್ಲ, ಹೊಸಬನ ಪಕ್ಕದಲ್ಲಿ ಹಳಬ ಒಬ್ಬ ನಿಂತಿರ್ತಾನೆ. ಕಲಿಸೋದಕ್ಕೆ ನಾನಿದ್ದೀನಿ.”

ಅವರು ಹಾಗೆ ಮಾತನಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೌನ್ಸಿಲಿನಲ್ಲಿ ಒಂದು ಕೊಳವೆಬಾವಿಗಾಗಿ ತಡವರಿಸುತ್ತಿದ್ದ ನಾಲಗೆ ತನ್ನ ವಿರುದ್ಧವೇ ಹರಿಯುವಾಗ ಎಂಥ ಸಲೀಸು! ಡೊಕ್ ಮಿಲಾ ಕಣ್ಣು ತೇವವಾಗಿ, ಲೋಟವನ್ನು ಕೊನೆಗೂ ಎತ್ತಿಕೊಂಡರು.

“ನನ್ನ ಕಣ್ಣು ತೆರೆಸಿದ್ರಿ ಮನೊಂಗ್. ರೈಮಾರೇ ಇರ್ಲಿ.”

ಕಾಪ್ ದೊಮಿಂಗ್ ಸಾಂತೊ ಅವರ ಬೆನ್ನು ತಟ್ಟಿದರು. “ನೀವು ಹೀಗೆ ಮಾತಾಡಿದ್ರೆ ಬಿಷಪ್ಪರೂ ಕೋಳಿ ಅಂಕಕ್ಕೆ ಬಂದು ಬಾಜಿ ಕಟ್ತಾರೆ.”

*

ಬೆರ್ತಾ ಹಿತ್ತಿಲಿನಲ್ಲಿ ಮೀನು ಹೆರೆಯುತ್ತಿದ್ದಳು. ಗಂಡ ಗೇಟು ತೆರೆದ ಸದ್ದಿನಲ್ಲೇ ಆಕೆಗೆ ಏನೋ ತಿಳಿಯಿತು; ಗೆದ್ದು ಬಂದವರು ಗೇಟನ್ನು ಅಷ್ಟು ಮೆಲ್ಲಗೆ ಹಾಕುವುದಿಲ್ಲ.

“ಕೇಳಿದ್ರಾ?”

“ಕೇಳಿದ್ರು.”

“ನೀನೇನಂದೆ?”

“ಬೇಡ ಅಂದೆ.”

“ಅದು ಸರಿ. ಆಮೇಲೆ?”

“ಆಮೇಲೆ ಕೇಳಲೇ ಇಲ್ಲ.”

ಬೆರ್ತಾ ಚೂರಿಯನ್ನು ಕೆಳಗಿಟ್ಟಳು. ಒಂದು ಕ್ಷಣ ನಗು ಬಂತು ಆಕೆಗೆ, ತಡೆಯಲಾಗದ ನಗು. ಗಂಡನ ಮುಖ ನೋಡಿ ನಗು ತಾನಾಗಿಯೇ ನಿಂತಿತು.

“ಸೌದಿಯಿಂದ ಬಂದವರಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ,” ಎಂದಳು. “ಆ ದೊಮಿಂಗ್ ಇದ್ದನಲ್ಲ?”

“ಇಬೊಸ್ ತಿಂತಿದ್ದ.”

“ತಿನ್ನಲಿ, ಗಂಟಲಿಗೆ ಸಿಕ್ಕಿಕೊಳ್ಳಲಿ. ಮತ್ತೆ ಯಾರನ್ನ ಮಾಡಿದ್ರು?”

“ರೈಮಾರ್‌ನ. ಡೊಕ್‌ಗೆ ಮನಸ್ಸಿರ್ಲಿಲ್ಲ. ಅನುಭವ ಬೇಕು ಅಂತ ಪಟ್ಟು ಹಿಡಿದಿದ್ರು. ಅನುಭವ ಏನೂ ಬೇಡ ಅಂತ ಒಬ್ಬರು ವಾದ ಮಾಡಿದ ಮೇಲೆ ಒಪ್ಪಿದ್ರು.”

“ಯಾರಪ್ಪಾ ಆ ಪುಣ್ಯಾತ್ಮ?”

ಬೆರ್ತಾಳಿಗೆ ಉತ್ತರ ಸಿಗಲು ಒಂದು ಮೀನು ಹೆರೆಯುವಷ್ಟು ಹೊತ್ತು ಹಿಡಿಯಿತು.

“ನೀನೇನಾ ಮುದುಕಾ?”

“ಚೆನ್ನಾಗೇ ವಾದ ಮಾಡಿದೆ,” ಎಂದರು ಅವರು, ನೆಲ ನೋಡುತ್ತ.

“ಅಷ್ಟು ಚೆನ್ನಾಗಿ ಮಾತು ಬರೋನಿಗೆ ‘ನನಗೆ ಬೇಕು’ ಅಂತ ಎರಡು ಪದ ಹೇಳೋಕಾಗ್ಲಿಲ್ವಾ?”

“ಹೇಳಿದ್ರೆ ಜನ ಏನಂದ್ಕೋತಾರೆ ಬೆರ್ತಾ?”

“ಸಾಂತೊಗೆ ಬೇಕಾಗಿತ್ತು ಅಂದ್ಕೋತಾರೆ. ಅದೇನು ಸುಳ್ಳಾ? ನನ್ನನ್ನ ಹೆಣ್ಣು ಕೇಳೋಕೆ ಬಂದಾಗ ನಮ್ಮಪ್ಪ ನಿನಗೆ ಮೂರು ಸಲವೂ ಬೇಡ ಅಂದ್ರು. ಆದ್ರೂ ನಮ್ಮನೇಗೆ ನೀರು ಹೊರೋದು ಬಿಟ್ಯಾ? ಆಗ ಎಲ್ಲಿತ್ತು ಈ ನಾಚಿಕೆ?”

ಆಗ ಎಲ್ಲಿತ್ತೋ ಅವರಿಗೂ ತಿಳಿಯದು. ಅದು ವಯಸ್ಸಿನೊಂದಿಗೆ ಬರುವ ಕಾಯಿಲೆಯಿರಬೇಕು, ಕಣ್ಣಿನ ಪೊರೆಯಂತೆ. ಬೆರ್ತಾ ಮತ್ತೆ ಚೂರಿ ಎತ್ತಿಕೊಂಡಳು. ಆದರೆ ಆ ಎರಡು ಪದಗಳು ಸಾಂತೊ ಅವರ ಹಾಸಿಗೆಯಲ್ಲಿ ಮರಳಿನ ಕಣಗಳಂತೆ ಉಳಿದವು. ಇನ್ನೊಮ್ಮೆ ಯಾರಾದರೂ ಕೇಳಿದರೆ ನೇರವಾಗಿ ಹೇಳಿಬಿಡಬೇಕು ಎಂದು ಅವರು ಗಟ್ಟಿ ಮಾಡಿಕೊಂಡರು. ಯಾರು ಕೇಳಿಯಾರು ಎಂಬುದು ಹೊಳೆಯಲಿಲ್ಲ.

ಸುದ್ದಿ ಮಾರುಕಟ್ಟೆಗೆ ಅವರಿಗಿಂತ ಮೊದಲೇ ತಲುಪಿತ್ತು. ಮೀನಿನ ಮಣೆಗಳ ಸಾಲಿನಲ್ಲಿ ಎಲ್ಲರೂ ಮನಾಂಗ್, ಅಂದರೆ ಅಕ್ಕ, ಎನ್ನುವ ಲುದಿ ದೂರದಿಂದಲೇ ಕೂಗಿದಳು: “ಮನೊಂಗ್, ಅನುಭವ ಬೇಡ ಅಂದ್ರಂತೆ! ಇವತ್ತು ನಿಮಗೆ ಬಲೆ ಅಂದ್ರೇನು ಅಂತಾನೇ ಗೊತ್ತಿಲ್ದಿರೋ ಎಳೇ ಮೀನು ಇಟ್ಟಿದ್ದೀನಿ, ಬನ್ನಿ!” ಸಾಲಿಗೆ ಸಾಲೇ ನಕ್ಕಿತು. ಸಾಂತೊ ಅವರೂ ನಕ್ಕರು. ಎಷ್ಟು ದೊಡ್ಡ ಮನಸ್ಸು ಮನೊಂಗ್ ನಿಮ್ಮದು, ಎಂದು ಕೆಲವರು ಕೈಹಿಡಿದು ಹೇಳಿದರು. ಆ ಹೊಗಳಿಕೆ ಗೇಲಿಗಿಂತ ಹೆಚ್ಚು ಸುಟ್ಟಿತು. ತಮ್ಮದಲ್ಲದ ಅಂಗಿ ತೊಟ್ಟು ಬೀದಿಯಲ್ಲಿ ನಡೆದವರಂತೆ ಅವರು ಮನೆಗೆ ಬಂದರು.

*

ಭಾನುವಾರ ರೈಮಾರ್ ಚರ್ಚಿನಿಂದ ನೇರವಾಗಿ ಸಾಂತೊ ಅವರ ಮನೆಗೆ ಬಂದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ, ಕೈಯಲ್ಲಿದ್ದ ಬಾಳೆಯ ಚಿಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

“ಬಾ ತೊತೊ, ಕೂತ್ಕೋ,” ಎಂದರು ಸಾಂತೊ. ಊರಿನ ಎಳೆಯ ಗಂಡುಮಕ್ಕಳೆಲ್ಲ ಹಿರಿಯರಿಗೆ ತೊತೊಗಳೇ.

“ಡೊಕ್ ಕಳಿಸಿದ್ರು ಮನೊಂಗ್. ನಿಮ್ಮ ಹತ್ರ ಕಲಿ ಅಂದ್ರು. ನನಗಂತೂ ಏನೂ ಗೊತ್ತಿಲ್ಲ. ನಿಮ್ಮಂಥವರೇ ಅನುಭವ ಬೇಡ ಅಂದ್ರಂತಲ್ಲ, ಅದಕ್ಕೇ ಧೈರ್ಯ ಬಂತು.”

ಸಾಂತೊ ಕಲಿಸಲು ಕುಳಿತರು. ಕೊಟ್ಟ ಮಾತಿನ ಶಿಕ್ಷೆ ಎಂದೇ ಶುರುಮಾಡಿದರು. ಆದರೆ ಕಾಫಿಯ ಮೊದಲ ಲೋಟ ಮುಗಿಯುವ ಮೊದಲೇ ಅದರಲ್ಲೊಂದು ಸುಖ ಹುಟ್ಟಿತು. ಹುಡುಗ ದಡ್ಡನಾಗಿರಲಿಲ್ಲ. ಇಬ್ಬರು ಕೌನ್ಸಿಲರುಗಳು ಒಟ್ಟಿಗೆ ಎದ್ದರೆ ಯಾರಿಗೆ ಮೊದಲು ಮಾತು, ಮತ ಸಮವಾದರೆ ಯಾರದು ಕೊನೆಯ ಮತ ಎಂದೆಲ್ಲ ಕೇಳುತ್ತ ಹೋದ.

“ಎಲ್ರೂ ಸುಮ್ನೆ ಕೂತ್ಬಿಟ್ರೆ? ಯಾರೂ ಬಾಯೇ ಬಿಡದೇ ಇದ್ರೆ?”

“ಅದೇ ಕಷ್ಟದ್ದು ತೊತೊ. ಆಗ ಮುಖ ನೋಡ್ಬೇಕು. ಬಾಯಲ್ಲಿ ಇಲ್ಲದ್ದು ಅಲ್ಲಿರುತ್ತೆ. ಅದಕ್ಕೆ ಪುಸ್ತಕ ಇಲ್ಲ, ಕೂತೂ ಕೂತೂ ಬರಬೇಕು.”

“ಹಾಗಾದ್ರೆ ಅನುಭವ ಬೇಕು ಅಂತಾಯ್ತಲ್ಲ ಮನೊಂಗ್,” ಎಂದು ರೈಮಾರ್ ನಕ್ಕ. ಸಾಂತೊ ಅವನ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದರು. ಅಡುಗೆಮನೆಯಲ್ಲಿ ಬೆರ್ತಾ ಬಾಣಲೆಗೆ ಬೆಳ್ಳುಳ್ಳಿ ಹಾಕಿದ ಸದ್ದು.

ಹುಡುಗ ಲೋಟ ಕೆಳಗಿಟ್ಟು, ಎರಡು ಕೈಗಳನ್ನೂ ಮಂಡಿಗಳ ನಡುವೆ ಸೇರಿಸಿಕೊಂಡ. ಆ ದೊಡ್ಡ ಕೈಗಳು ಅಲ್ಲಿ ತೀರ ಸಣ್ಣವಾಗಿ ಕಂಡವು.

“ಮನೊಂಗ್, ಒಂದು ಮಾತು. ನ್ಯಾಯವಾಗಿ ಈ ಜಾಗ ನಿಮ್ಮದು. ನಿಮ್ಮ ಮುಂದೆ ನಾನು ನಿಲ್ಲೋದಕ್ಕೆ ನನಗೇ ನಾಚಿಕೆ. ನಿಮಗೆ ಬೇಕು ಅಂತ ಒಂದು ಮಾತು ಹೇಳಿ ಸಾಕು, ನಾನೇ ಹೋಗಿ ಡೊಕ್‌ಗೆ ನನಗೆ ಬೇಡ ಅಂತೀನಿ.”

ಅಡುಗೆಮನೆಯಲ್ಲಿ ಸೌಟು ನಿಂತಿತು.

ಇಷ್ಟು ದಿನ ಗುಂಡಿ ಹಾಕಿಕೊಂಡು ಕಾದಿದ್ದ ಪದ ಈ ಬಾರಿ ಯಾರ ಅಪ್ಪಣೆಗೂ ಕಾಯಲಿಲ್ಲ.

“ನನಗೆ ಬೇಕು,” ಎಂದರು ಸಾಂತೊ.

ರೈಮಾರನ ನಗು ಮುಖದ ಮೇಲೆ ಹಾಗೆಯೇ ಇತ್ತು. ಅದನ್ನು ಹಿಂದಿನಿಂದ ಹಿಡಿದಿದ್ದದ್ದು ಮಾತ್ರ ಕೈಬಿಟ್ಟಿತ್ತು. ಅವನು ಮಾತನಾಡಿದ್ದು ಊರಿನ ಮಾತು, ಉಪಚಾರದ ಮಾತು. ‘ಛೆ ತೊತೊ, ನೀನೇ ನಿಲ್ಲಬೇಕು’ ಎಂಬ ಉತ್ತರಕ್ಕೆ ಅವನು ಮೈಯೆಲ್ಲ ಸಜ್ಜು ಮಾಡಿಕೊಂಡು ಕುಳಿತಿದ್ದ. ಇದು ಸಾಂತೊ ಅವರಿಗೆ ಸಂಶಯವಿಲ್ಲದಷ್ಟು ಸ್ಪಷ್ಟವಾಗಿ ಕಂಡಿತು. ಡೊಕ್ ಅವರ ವರಾಂಡದಲ್ಲಿ ಈ ಮುಖವನ್ನು ಹೊತ್ತಿದ್ದವರು ಅವರೇ. ಅಂದು ಅದನ್ನು ಕನ್ನಡಿಯಲ್ಲಿ ನೋಡಿರಲಿಲ್ಲ, ಇಂದು ನೋಡುತ್ತಿದ್ದರು.

ಇನ್ನೂ ಹೊತ್ತಿತ್ತು. ‘ತಮಾಷೆಗೆ ಅಂದೆ ಕಣೋ’ ಎಂದು ಅವನ ಭುಜ ತಟ್ಟಿದ್ದರೆ ಆಗುತ್ತಿತ್ತು. ‘ನಿಜವಾಗಿಯೂ ಬಿಡ್ತೀಯಾ, ಯೋಚನೆ ಮಾಡು’ ಎಂದು ಎರಡನೆಯ ಸಲ ಕೇಳಿದ್ದರೂ ಸಾಕಿತ್ತು. ಬೀದಿಯಲ್ಲಿ ಒಂದು ಬಾಡಿಗೆ ಟ್ರೈಸಿಕಲ್ ದೂರದಿಂದ ಬಂದು, ಗೇಟಿನ ಮುಂದೆ ಹಾದು, ತಿರುವಿನಲ್ಲಿ ಮರೆಯಾಯಿತು. ಅಷ್ಟು ಹೊತ್ತಿತ್ತು.

“ಕಾಫಿ ತಣ್ಣಗಾಗುತ್ತೆ, ಕುಡಿ ತೊತೊ,” ಎಂದರು ಸಾಂತೊ.

“ಹೌದು ಮನೊಂಗ್.” ಅವನು ಗಟಗಟನೆ ಕುಡಿದ. “ಖುಷಿಯಾಯ್ತು ಮನೊಂಗ್. ನಿಜವಾಗ್ಲೂ. ಅಮ್ಮನಿಗೆ ಹೇಳಿದ್ದೆ, ಅಷ್ಟೇ... ಪರವಾಗಿಲ್ಲ, ಅವಳಿಗೂ ಖುಷಿಯಾಗುತ್ತೆ.”

ಎದ್ದು ಹೋಗುವಾಗ ಅವನು ಬಗ್ಗಲು ಮರೆತ. ಬಾಗಿಲ ಚೌಕಟ್ಟಿಗೆ ಹಣೆ ಬಡಿದು, ತಾನೇ ಕ್ಷಮೆ ಕೇಳಿದ.

ಬೆರ್ತಾ ಬಂದು ಲೋಟಗಳನ್ನು ಎತ್ತಿದಳು.

“ಹುಡುಗ ಉಣ್ಣದೇ ಹೋದ.”

“ಹೊತ್ತಾಯ್ತು ಅಂದ.”

“ಸಾಂತೊ, ಅದು ಉಪಚಾರಕ್ಕೆ ಹೇಳಿದ ಮಾತು ಅಂತ ನಿನಗೆ ಗೊತ್ತಾಗ್ಲಿಲ್ವಾ?”

ಸುಳ್ಳು ಹೇಳಬಹುದಿತ್ತು. “ಗೊತ್ತಾಯ್ತು,” ಎಂದರು. “ನೀನೇ ಹೇಳಿದ್ಯಲ್ಲ, ಆ ಎರಡು ಪದ ಹೇಳು ಅಂತ,” ಎಂದು ಸೇರಿಸಿದರು.

“ನಾನು ಡೊಕ್‌ಗೆ ಹೇಳ್ಬೇಕಿತ್ತು ಅಂದಿದ್ದೆ,” ಎಂದಳು ಬೆರ್ತಾ. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

*

ಮರುದಿನ ಡೊಕ್ ಮಿಲಾ ತಾವೇ ಬಂದರು, ಹಿಂದೆ ಕಾಪ್ ದೊಮಿಂಗ್. ಡೊಕ್ ಕೂರುವ ಮೊದಲೇ ಸಾಂತೊ ಅವರ ಎರಡೂ ಕೈ ಹಿಡಿದುಕೊಂಡರು.

“ನನಗೆ ನಾಚಿಕೆಯಾಗಿದೆ ಮನೊಂಗ್. ನೀವು ಮರ್ಯಾದೆಗೆ ಬೇಡ ಅಂದದ್ದನ್ನ ನಾನು ನಿಜ ಅಂದ್ಕೊಂಡೆ. ನಮ್ಮಮ್ಮ ಇದ್ದಿದ್ರೆ ಕಿವಿ ಹಿಂಡ್ತಿದ್ರು. ರೈಮಾರ್ ಬಂದು ಹೇಳಿದ, ‘ಮನೊಂಗ್‌ಗೆ ಮನಸ್ಸಿದೆ, ನಾನು ದಾರಿ ಬಿಡ್ತೀನಿ’ ಅಂತ. ಎಂಥಾ ದೊಡ್ಡ ಗುಣ ಆ ಹುಡುಗನದು! ಒಂದು ಚೂರೂ ಬೇಸರ ಇಲ್ಲ ಅವನಿಗೆ.”

ಕಾಪ್ ದೊಮಿಂಗ್ ಗೋಡೆಯ ಮೇಲಿನ ಸಂತ ಜೋಸೆಫನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಹೇಳಬೇಕಾದ ಮಾತು ಸಾಂತೊ ಅವರ ನಾಲಗೆಯ ಮೇಲೆಯೇ ಇತ್ತು. “ಡೊಕ್,” ಎಂದರು, “ಆ ಹುಡುಗನನ್ನ ಇನ್ನೊಂದು ಸಲ...”

“ಏನು ಮನೊಂಗ್?” ಡೊಕ್ ಅವರ ಹುಬ್ಬು ಮೇಲೇರಿತು. “ನಿಮಗೆ ಬೇಡ ಅನ್ಸುತ್ತಾ? ಹಾಗಿದ್ರೆ ಈಗಲೇ ಹೇಳಿಬಿಡಿ. ಈ ಸಲ ನನಗೆ ಅನುಮಾನ ಬೇಡ.”

ಅವರು ಈ ಸಲವೂ ಒಂದೇ ಬಾರಿ ಕೇಳುತ್ತಾರೆ, ಬೇಡ ಎಂದರೆ ಮತ್ತೆ ಗೌರವಿಸಿ ಎದ್ದು ಹೋಗುತ್ತಾರೆ. ಸಾಂತೊ ಅವರಿಗೆ ಆ ಕಣ್ಣುಗಳಲ್ಲಿ ಅದು ಕಂಡಿತು. ಹಿಂದೆ ಒಂದು ಮೌನ, ಮುಂದೆ ಒಂದು ಕುರ್ಚಿ.

“ಬೇಕು ಡೊಕ್,” ಎಂದರು. “ಹುಡುಗನಿಗೆ ನನ್ನ ಧನ್ಯವಾದ ಹೇಳಿ ಅಂತಿದ್ದೆ.”

“ವೇದಿಕೆ ಮೇಲೆ ನೀವೇ ಹೇಳಿ. ಮತ್ತೆ ಅನುಭವ ಬೇಡ ಅಂತ ಅವತ್ತು ನನ್ನನ್ನ ಒಪ್ಪಿಸಿದ್ರಲ್ಲ, ಆ ವಾದ ಇನ್ನೂ ನನ್ನ ತಲೇಲಿದೆ. ಊರಿಗೂ ಗೊತ್ತು. ಅದಕ್ಕೆ ಉತ್ತರಾನೂ ನೀವೇ ಕೊಡ್ಬೇಕು.” ಡೊಕ್ ನಗುತ್ತ ಜೀಪಿನ ಕಡೆ ನಡೆದರು.

ಕಾಪ್ ದೊಮಿಂಗ್ ಗೇಟಿನ ಬಳಿ ಹಿಂದುಳಿದರು.

“ಅವತ್ತು ನಾನು ಇಬೊಸ್ ತಿಂದೆ, ಒಪ್ಕೋತೀನಿ ಮನೊಂಗ್,” ಎಂದರು ತಗ್ಗಿದ ದನಿಯಲ್ಲಿ. “ನೀವು ನನ್ನ ಧರ್ಮಪುತ್ರನನ್ನೇ ತಿಂದ್ರಿ.”

*

ಆ ವಾರವೇ ಜೋಡಿಯನ್ನು ಜನರ ಮುಂದೆ ನಿಲ್ಲಿಸಿದ್ದು ಊರಿನ ಬಾಸ್ಕೆಟ್‌ಬಾಲ್ ಅಂಗಳದ ತಗಡಿನ ಮಾಡಿನ ಕೆಳಗೆ. ಮದುವೆ, ಹೆಣ, ಮತ ಎಲ್ಲಕ್ಕೂ ನಮಗಿರುವುದು ಅದೊಂದೇ ಸೂರು. ಎರಡು ಬುಟ್ಟಿಗಳಿಗೂ ಬಣ್ಣದ ಕಾಗದ ಕಟ್ಟಿದ್ದರು. ರೈಮಾರ್ ಮೈಕ್ ಹಿಡಿದು ಓಡಾಡುತ್ತಿದ್ದ. ಅವನೇ ಎಲ್ಲರನ್ನೂ ನಗಿಸಿದ, ಅವನೇ ಸಾಂತೊ ಅವರ ಹೆಸರು ಕೂಗಿದ. ಅವನು ಕೂಗಿದ್ದರಿಂದಲೇ ಜನ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು.

ಸಾಂತೊ ಮೈಕಿನ ಮುಂದೆ ನಿಂತರು. ಮೀನಿನ ಸಾಲಿನ ಹೆಂಗಸರು ಮುಂದೆಯೇ ಕುಳಿತಿದ್ದರು.

“ಮನೊಂಗ್, ಅನುಭವ ಬೇಕೋ ಬೇಡ್ವೋ, ಇವತ್ತು ಹೇಳಿಬಿಡಿ!” ಲುದಿಯ ಕೂಗು. ಮಾಡು ನಗುವಿನಿಂದ ನಡುಗಿತು.

ಅವರು ಬರೆದುಕೊಂಡು ಬಂದದ್ದು ರಸ್ತೆ, ದೀಪ, ಕುಡಿಯುವ ನೀರು. ಬಾಯಿಂದ ಬಂದದ್ದು ಬೇರೆಯೇ.

“ಬೇಕು ಲುದಿ. ಅವತ್ತು ನಾನು ಹೇಳಿದ್ದು ತಪ್ಪು. ಕುರ್ಚೀಲಿ ಕೂತಿದ್ದು ಅನುಭವ ಅಲ್ಲ. ಬಾಯಿ ‘ತಗೊಳ್ಳಿ’ ಅಂದಾಗ ಮುಖ ‘ಬೇಡ, ನನ್ನಿಂದ ಕಿತ್ಕೋಬೇಡಿ’ ಅಂತಿರುತ್ತಲ್ಲ, ಅದನ್ನ ಓದೋದು ಅನುಭವ. ಓದಿದ ಮೇಲೆ ಏನು ಮಾಡ್ತೀವಿ ಅನ್ನೋದು...”

ಮುಂದಿನ ಪದ ಬರಲಿಲ್ಲ. ಜನ ಅದನ್ನು ಭಾವೋದ್ರೇಕವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ಹೊಡೆದರು. ಕುಳಿತೇ ಇದ್ದವರು ಇಬ್ಬರು. ಕಾಪ್ ದೊಮಿಂಗ್ ತಮ್ಮ ಟೋಪಿಯ ಒಳಗನ್ನು ನೋಡುತ್ತಿದ್ದರು. ಹೆಂಗಸರ ಸಾಲಿನ ಕೊನೆಯಲ್ಲಿ ಬೆರ್ತಾ ತನ್ನ ಬೀಸಣಿಗೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಡೊಕ್ ಮಿಲಾ ಧಾವಿಸಿ ಬಂದು ಅವರ ಬಲಗೈಯನ್ನು ಹಿಡಿದು ಮೇಲಕ್ಕೆತ್ತಿದರು. ಅದೇ ಗಳಿಗೆಗೆ ರೈಮಾರ್ ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದುರಿಗೆ ಬಂದ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಪಡೆಯುವುದು ನಮ್ಮಲ್ಲಿ ದಿನಬೆಳಗಿನ ಮಾತು. ಅವನು ಅದಕ್ಕೇ ಬಗ್ಗಿದ. ಅಷ್ಟು ಎತ್ತರದ ಹುಡುಗ ಸಾಂತೊ ಅವರ ಎದೆಯ ಮಟ್ಟಕ್ಕೆ ತಲೆ ತಗ್ಗಿಸಿ ಕೈಗಾಗಿ ಕಾದ. ಚೌಕಟ್ಟಿಗೆ ಬಡಿದ ಕಡೆ ಹಣೆ ಇನ್ನೂ ನೀಲಿಗಟ್ಟಿತ್ತು. ಸಾಂತೊ ಕೈ ಬಿಡಿಸಿಕೊಳ್ಳಲು ನೋಡಿದರು. ಶಸ್ತ್ರವೈದ್ಯೆಯ ಹಿಡಿತ ಬಿಗಿಯಾಗಿತ್ತು. ಆಕೆ ಜನರತ್ತ ನೋಡಿ ನಗುತ್ತಿದ್ದರು, ಕೆಳಗೆ ಬಾಗಿದ ತಲೆ ಆಕೆಗೆ ಕಾಣಲಿಲ್ಲ. ಎಡಗೈಯನ್ನು ಚಾಚೋಣವೆಂದರೆ ಆ ಕೈಯಲ್ಲಿ ಜನ ಕೊಟ್ಟ ಹೂವಿನ ಹಾರವಿತ್ತು. ಕ್ಯಾಮೆರಾ ಮಿಂಚಿತು.

ಆ ಚಿತ್ರವನ್ನೇ ಡೊಕ್ ಪ್ರಚಾರದ ದೊಡ್ಡ ಪರದೆಗಳ ಮೇಲೆ ಮುದ್ರಿಸಿದರು. “ಬೇರೆ ಯಾವುದಾದ್ರೂ ಹಾಕೋಣ ಡೊಕ್,” ಎಂದರು ಸಾಂತೊ. “ಇದಕ್ಕಿಂತ ಒಳ್ಳೇದು ಸಿಗಲ್ಲ ಮನೊಂಗ್,” ಎಂದರು ಡೊಕ್. “ಅನುಭವಕ್ಕೆ ಯೌವನ ತಲೆ ಬಾಗಿಸಿದೆ. ಇನ್ನೇನು ಬೇಕು ಜನಕ್ಕೆ?” ಅವರ ಮಾತು ನಿಜವಾಯಿತು. ಜನ ಅದನ್ನು ನೋಡಿಯೇ ಮತ ಹಾಕಿದರು ಎಂದು ಆಮೇಲೆ ಎಲ್ಲರೂ ಹೇಳಿದರು.

ಮಾರುಕಟ್ಟೆಯ ಮುಖ್ಯದ್ವಾರದ ಮೇಲೆ ಕಟ್ಟಿದ್ದ ಪರದೆಯನ್ನು, ಗೆದ್ದ ಮೇಲೂ, ಬಹಳ ಕಾಲ ಯಾರೂ ಇಳಿಸಲಿಲ್ಲ. ಉಪಮೇಯರ್ ಕ್ರಿಸಾಂತೊ ಗುಂಬಾನ್ ಮೀನು ತರಲು ಮಾರುಕಟ್ಟೆಯ ಹಿಂಬದಿಯಿಂದ, ಮಂಜುಗಡ್ಡೆಯ ನೀರು ಹರಿಯುವ ಕೆಸರಿನ ದಾರಿಯಿಂದ ಹೋಗುತ್ತಿದ್ದರು. ಮರಳಿ ಬಂದಾಗ ಬೆರ್ತಾ ಕಾಲು ತೊಳೆಯಲು ನೀರು ತಂದಿಡುತ್ತಿದ್ದಳು. ಯಾವ ದಾರಿಯಿಂದ ಬಂದೆ ಎಂದು ಆಕೆ ಕೇಳುತ್ತಿರಲಿಲ್ಲ.